ಮಂಡಿಯ ಎಸಿಎಲ್ ಗಾಯ ಮತ್ತು ಕ್ರೀಡಾಪಟುವಿನ ಪುನಶ್ಚೇತನ

ಮಂಡಿಯ ಒಳಗಿರುವ ಎಸಿಎಲ್ ಎಂಬ ಅಸ್ಥಿರಜ್ಜು ಹರಿಯುವುದು, ಓಡುತ್ತ, ಜಿಗಿಯುತ್ತ, ತಟ್ಟನೆ ತಿರುಗುತ್ತ ಆಡುವ ಆಟಗಳಲ್ಲಿ ಆಗುವ ಅತಿ ಗಂಭೀರ ಗಾಯಗಳಲ್ಲಿ ಒಂದು. ಫುಟ್‌ಬಾಲ್, ಕಬಡ್ಡಿ, ಕುಸ್ತಿ, ಬ್ಯಾಸ್ಕೆಟ್‌ಬಾಲ್, ಹ್ಯಾಂಡ್‌ಬಾಲ್, ಬ್ಯಾಡ್ಮಿಂಟನ್, ಹಿಮದ ಮೇಲಿನ ಸ್ಕೀಯಿಂಗ್ ಆಡುವವರಲ್ಲಿ ಇದು ಹೆಚ್ಚು. ಒಂದೆರಡು ತಲೆಮಾರಿನ ಹಿಂದೆ ‘ಲಿಗಮೆಂಟ್ ಹೋಯಿತು’ ಎಂದರೆ ಆಟ ಮುಗಿಯಿತು ಎಂದೇ ಅರ್ಥವಾಗಿತ್ತು. ಇಂದು ಶಸ್ತ್ರಚಿಕಿತ್ಸೆ ಒಂದೆರಡು ಗಂಟೆಗಳಲ್ಲಿ ಮುಗಿಯುತ್ತದೆ. ಅದರ ನಂತರದ ಪುನಶ್ಚೇತನಕ್ಕೆ ಒಂಬತ್ತರಿಂದ ಹನ್ನೆರಡು ತಿಂಗಳು, ಕೆಲವೊಮ್ಮೆ ಅದಕ್ಕೂ ಹೆಚ್ಚು ಹಿಡಿಯುತ್ತದೆ. ಶಸ್ತ್ರವೈದ್ಯರು ಮಂಡಿಗೆ ಹೊಸ ರಜ್ಜುವನ್ನು ಕೊಡುತ್ತಾರೆ. ಆ ರಜ್ಜುವನ್ನು ನಂಬಿ ಓಡುವ ಕಾಲನ್ನು ಮತ್ತೆ ಕಟ್ಟಿಕೊಳ್ಳಬೇಕಾದವರು ಆಟಗಾರರೇ. ಹೀಗಾಗಿ ಈ ಲೇಖನದಲ್ಲಿ ಆ ತಿಂಗಳುಗಳಿಗೇ ಹೆಚ್ಚು ಜಾಗ ಕೊಡಲಾಗಿದೆ.

ಮಂಡಿಯ ರಚನೆ

ತೊಡೆಯ ಮೂಳೆ ಮತ್ತು ಮೊಣಕಾಲ ಕೆಳಗಿನ ದೊಡ್ಡ ಮೂಳೆ ಕೂಡುವ ಜಾಗ ಮಂಡಿ. ಮುಂದುಗಡೆ ಮಂಡಿಚಿಪ್ಪು ಇದೆ. ಸೊಂಟದ ಕೀಲಿನಲ್ಲಿ ಚೆಂಡಿನಂಥ ತುದಿ ಬಟ್ಟಲಿನಂಥ ಗುಳಿಯೊಳಗೆ ಭದ್ರವಾಗಿ ಕೂತಿರುತ್ತದೆ. ಮಂಡಿಗೆ ಅಂಥ ಆಸರೆಯಿಲ್ಲ. ಎರಡು ಉರುಟು ತುದಿಗಳು ಹೆಚ್ಚುಕಡಿಮೆ ಚಪ್ಪಟೆಯಾದ ತಟ್ಟೆಯೊಂದರ ಮೇಲೆ ನಿಂತಿರುತ್ತವೆ. ಅವು ಜಾರದಂತೆ ಹಿಡಿದಿಡುವುದು ನಾಲ್ಕು ಅಸ್ಥಿರಜ್ಜುಗಳು: ಎರಡು ಬದಿಗಳಲ್ಲಿ ಎಂಸಿಎಲ್ ಮತ್ತು ಎಲ್‌ಸಿಎಲ್, ಒಳಗೆ ಕತ್ತರಿಯ ಅಲಗುಗಳಂತೆ ಒಂದನ್ನೊಂದು ಹಾದುಹೋಗುವ ಎಸಿಎಲ್ ಮತ್ತು ಪಿಸಿಎಲ್. ಮೂಳೆಗಳ ನಡುವೆ ಅರ್ಧಚಂದ್ರಾಕಾರದ ಎರಡು ಮೆತ್ತೆಗಳಿವೆ. ಅವಕ್ಕೆ ಮೆನಿಸ್ಕಸ್ ಎಂದು ಹೆಸರು.

ಎಸಿಎಲ್ ಸುಮಾರು 3 ಸೆಂ.ಮೀ. ಉದ್ದದ, ಕಿರುಬೆರಳಿನಷ್ಟು ದಪ್ಪದ ರಜ್ಜು. ಕೆಳಗಿನ ಮೂಳೆ ಮುಂದಕ್ಕೆ ಜಾರದಂತೆ, ಮಂಡಿ ಅಳತೆ ಮೀರಿ ತಿರುಚದಂತೆ ಅದು ತಡೆಯುತ್ತದೆ. ಯುವಕರ ಎಸಿಎಲ್ ಸುಮಾರು 2,000 ನ್ಯೂಟನ್, ಅಂದರೆ 200 ಕೆ.ಜಿ. ತೂಗಿದಷ್ಟು ಎಳೆತವನ್ನು ತಾಳಬಲ್ಲದು. ಇದು ಬರಿಯ ಹಗ್ಗವಲ್ಲ. ಅದರೊಳಗೆ ನರತುದಿಗಳಿವೆ. ಕಾಲು ಈಗ ಎಷ್ಟು ಮಡಚಿದೆ, ಎತ್ತ ವಾಲಿದೆ ಎಂಬ ಸುದ್ದಿಯನ್ನು ಅವು ಕ್ಷಣಕ್ಷಣಕ್ಕೂ ಮಿದುಳಿಗೆ ಕಳಿಸುತ್ತಿರುತ್ತವೆ. ರಜ್ಜು ಹರಿದರೆ ಆ ಸುದ್ದಿಯೂ ನಿಲ್ಲುತ್ತದೆ. ಪುನಶ್ಚೇತನ ಇಷ್ಟು ದೀರ್ಘವಾಗಲು ಇದೂ ಒಂದು ಕಾರಣ.

ಹರಿಯುವ ಗಳಿಗೆ

ಎದುರಾಳಿ ಬಂದು ಗುದ್ದಿದಾಗ ಮಂಡಿ ಮುರಿಯುತ್ತದೆ ಎಂಬುದು ಸಾಮಾನ್ಯ ತಿಳಿವಳಿಕೆ. ವಾಸ್ತವದಲ್ಲಿ ಎಸಿಎಲ್ ಗಾಯಗಳಲ್ಲಿ ಸುಮಾರು ಮುಕ್ಕಾಲು ಪಾಲು ಯಾರೂ ಮುಟ್ಟದೆ ಆಗುವಂಥವು. ವೇಗವಾಗಿ ಬಂದ ಆಟಗಾರ ಪಾದ ಊರಿ ದಿಕ್ಕು ಬದಲಿಸುತ್ತಾನೆ, ಇಲ್ಲವೇ ಜಿಗಿದವಳು ಒಂದೇ ಕಾಲಿನ ಮೇಲೆ ಇಳಿಯುತ್ತಾಳೆ. ಮಂಡಿ ಹೆಚ್ಚು ಮಡಚಿರುವುದಿಲ್ಲ. ಅದು ಒಳಮುಖವಾಗಿ ಕುಸಿಯುತ್ತದೆ, ಮೈಭಾರ ಮೇಲಿಂದ ತಿರುಚುತ್ತದೆ. ನೆಲ ಮುಟ್ಟಿದ ಹತ್ತನೇ ಒಂದು ಸೆಕೆಂಡಿಗೂ ಮುಂಚೆ ರಜ್ಜು ಹರಿದುಹೋಗಿರುತ್ತದೆ. ಒಳಗೆ ‘ಟಪ್’ ಎಂದದ್ದು ಕೇಳಿಸಿತು ಎಂದು ಅನೇಕರು ಹೇಳುತ್ತಾರೆ. ಕೆಲವು ಗಂಟೆಗಳಲ್ಲಿ ರಕ್ತ ತುಂಬಿ ಮಂಡಿ ಊದಿಕೊಳ್ಳುತ್ತದೆ. ವಿಚಿತ್ರವೆಂದರೆ ಎರಡು ಮೂರು ವಾರಗಳಲ್ಲಿ ಊತ ಇಳಿದು ನೋವು ಹೋಗುತ್ತದೆ, ನೇರವಾಗಿ ನಡೆಯಲು ಅಡ್ಡಿಯಿರುವುದಿಲ್ಲ. ಆಟಗಾರ ವಾಸಿಯಾಯಿತು ಎಂದುಕೊಂಡು ಅಂಗಳಕ್ಕೆ ಇಳಿಯುತ್ತಾನೆ. ಮೊದಲ ತಿರುವಿನಲ್ಲೇ ಮಂಡಿ ಕೈಕೊಡುತ್ತದೆ. ಹೀಗೆ ಪದೇ ಪದೇ ಜಾರಿದಾಗ ಮೆನಿಸ್ಕಸ್ ಕೂಡ ಹರಿಯುತ್ತದೆ. ನಮ್ಮಲ್ಲಿ ತಡವಾಗಿ ಆಸ್ಪತ್ರೆಗೆ ಬರುವ ಬಹಳಷ್ಟು ಆಟಗಾರರ ಕಥೆ ಇದೇ.

ಕಬಡ್ಡಿಯಲ್ಲಿ ಅಪಾಯ ಎರಡೂ ಕಡೆಯಿಂದ ಬರುತ್ತದೆ. ರೈಡರ್ ತಾನೇ ತಟ್ಟನೆ ತಿರುಗುತ್ತಾನೆ. ಅದೇ ಹೊತ್ತಿಗೆ ರಕ್ಷಣೆಯ ಆಟಗಾರ ಅವನ ಪಾದವನ್ನು ಗಟ್ಟಿಯಾಗಿ ಹಿಡಿದಿರುತ್ತಾನೆ, ಮೇಲಿಂದ ಇನ್ನಿಬ್ಬರು ಬೀಳುತ್ತಾರೆ. ಪಾದ ನೆಲಕ್ಕೆ ಕಚ್ಚಿದಾಗ ತಿರುಚಿನ ಭಾರವೆಲ್ಲ ಮಂಡಿಗೆ ಬೀಳುತ್ತದೆ. ಮಣ್ಣಿನ ಅಂಗಳದಲ್ಲಿ ಪಾದ ಒಂದಿಷ್ಟು ಜಾರಿ ಆ ಭಾರವನ್ನು ಬಿಟ್ಟುಕೊಡುತ್ತದೆ. ಮ್ಯಾಟಿನ ಮೇಲೆ ಶೂ ಹಾಗೆ ಸುಲಭವಾಗಿ ಬಿಡುವುದಿಲ್ಲ. ಮಣ್ಣಿನಲ್ಲಿ ಕಲಿತು ಮ್ಯಾಟಿಗೆ ಬರುವ ಹುಡುಗರಿಗೆ ಈ ವ್ಯತ್ಯಾಸವನ್ನು ಮೊದಲೇ ಹೇಳಿಕೊಡಬೇಕು.

ಒಂದೇ ಆಟದಲ್ಲಿ ಹೋಲಿಸಿದರೆ ಹೆಣ್ಣುಮಕ್ಕಳಿಗೆ ಈ ಗಾಯ ಗಂಡಸರಿಗಿಂತ ಎರಡು ಮೂರು ಪಟ್ಟು ಹೆಚ್ಚು. ಸೊಂಟದ ಅಗಲ, ಹಾರ್ಮೋನುಗಳು, ಇಳಿಯುವಾಗ ಮಂಡಿ ಒಳಕ್ಕೆ ಬಾಗುವ ರೀತಿ ಇವನ್ನೆಲ್ಲ ಕಾರಣವೆಂದು ಹೇಳಲಾಗುತ್ತದೆ. ಎಳವೆಯಲ್ಲಿ ಹುಡುಗಿಯರಿಗೆ ಬಲದ ತರಬೇತಿ ಸಿಗದಿರುವುದು, ಗಂಡಸರ ಪಾದಕ್ಕೆಂದು ರೂಪಿಸಿದ ಬೂಟುಗಳನ್ನೇ ಅವರೂ ಹಾಕಿಕೊಳ್ಳಬೇಕಾದದ್ದು ಅಷ್ಟೇ ಮುಖ್ಯ ಕಾರಣಗಳು ಎಂಬ ವಾದ ಈಚೆಗೆ ಬಲಗೊಂಡಿದೆ, ಅದರಲ್ಲಿ ಹುರುಳಿದೆ. ಸ್ಪೇನಿನ ಫುಟ್‌ಬಾಲ್ ಆಟಗಾರ್ತಿ ಅಲೆಕ್ಸಿಯಾ ಪುಟೆಯಾಸ್ ಜುಲೈ 2022ರಲ್ಲಿ, ಯೂರೋ ಕಪ್ ಆರಂಭವಾಗುವ ಹೊತ್ತಿಗೇ ಗಾಯಗೊಂಡರು. ಆರ್ಸೆನಲ್ ಕ್ಲಬ್ ಒಂದರಿಂದಲೇ ಬೆತ್ ಮೀಡ್, ವಿವಿಯಾನೆ ಮೀಡೆಮಾ, ಲೇಯಾ ವಿಲಿಯಮ್‌ಸನ್ ಈ ಗಾಯದಿಂದಾಗಿ 2023ರ ಮಹಿಳಾ ವಿಶ್ವಕಪ್ ಕಳೆದುಕೊಂಡರು. ಆ ಬಳಿಕವೇ ಹೆಣ್ಣುಮಕ್ಕಳಿಗೆ ಈ ಗಾಯ ಏಕೆ ಹೆಚ್ಚು ಎಂಬ ಪ್ರಶ್ನೆ ಗಟ್ಟಿಯಾಗಿ ಕೇಳಿಸತೊಡಗಿತು.

ಗಾಯವನ್ನು ಪತ್ತೆ ಮಾಡಲು ಅನುಭವಿ ವೈದ್ಯರಿಗೆ ಕೈಗಳೇ ಸಾಕು. ಮಂಡಿಯನ್ನು ತುಸು ಮಡಚಿ ಕೆಳಗಿನ ಮೂಳೆಯನ್ನು ಮುಂದಕ್ಕೆ ಎಳೆದು ನೋಡುವ ಲಾಕ್‌ಮನ್ ಪರೀಕ್ಷೆ ಬಹಳ ನಂಬಿಕಸ್ಥವಾದದ್ದು. ಜೊತೆಗಿನ ಗಾಯಗಳನ್ನು ತಿಳಿಯಲು ಎಂಆರ್‌ಐ ಬೇಕಾಗುತ್ತದೆ.

ಶಸ್ತ್ರಚಿಕಿತ್ಸೆ ಬೆಳೆದು ಬಂದ ದಾರಿ

1895ರಲ್ಲಿ ಇಂಗ್ಲೆಂಡಿನ ಲೀಡ್ಸ್ ನಗರದಲ್ಲಿ ಮೇಯೋ ರಾಬ್ಸನ್ ಎಂಬ ಶಸ್ತ್ರವೈದ್ಯ ಗಣಿ ಕಾರ್ಮಿಕನೊಬ್ಬನ ಹರಿದ ರಜ್ಜುಗಳನ್ನು ಪ್ರಾಣಿಯ ಕರುಳಿನ ದಾರದಿಂದ ಹೊಲಿದ. ಆತ ಮತ್ತೆ ಕೆಲಸಕ್ಕೆ ಮರಳಿದ ಎಂದು 1903ರ ವರದಿ ಹೇಳುತ್ತದೆ. ಮೊದಲ ರೋಗಿ ಕ್ರೀಡಾಪಟುವಲ್ಲ, ದುಡಿಯುವ ಮನುಷ್ಯ ಎಂಬುದನ್ನು ನೆನಪಿಡಬೇಕು. ಮಂಡಿ ಹೋದರೆ ಅನ್ನ ಹೋಗುವವರಲ್ಲಿ ಆಟಗಾರರು ತೀರ ಈಚಿನವರು. ಹರಿದದ್ದನ್ನು ಹೊಲಿಯುವ ಬದಲು ಮೈಯ ಬೇರೊಂದು ಪಟ್ಟಿಯಿಂದ ಹೊಸ ರಜ್ಜು ಮಾಡುವ ವಿಧಾನವನ್ನು 1917ರಲ್ಲಿ ಬ್ರಿಸ್ಟಲಿನ ಹೇ ಗ್ರೋವ್ಸ್ ತೋರಿಸಿದರು. ಜಪಾನಿನ ಕೆಂಜಿ ತಕಾಗಿ 1918ರಲ್ಲಿ ಮೂತ್ರಕೋಶ ನೋಡುವ ಕೊಳವೆಯಿಂದ ಶವದ ಮಂಡಿಯೊಳಗೆ ಇಣುಕಿದರು. ಅಲ್ಲಿಂದ ಬೆಳೆದ ಆರ್ತ್ರೋಸ್ಕೋಪಿ ವಿಧಾನದಲ್ಲಿ, ಸಣ್ಣ ರಂಧ್ರಗಳ ಮೂಲಕವೇ ಎಸಿಎಲ್ ಮರುಜೋಡಣೆ 1980ರ ದಶಕದಲ್ಲಿ ಬಳಕೆಗೆ ಬಂತು.

ಹೊಸ ರಜ್ಜುವಾಗಿ ಕೂರಿಸುವ ಪಟ್ಟಿಯನ್ನು, ಅಂದರೆ ಗ್ರಾಫ್ಟನ್ನು, ಈಗ ತೆಗೆಯುವುದು ಸಾಮಾನ್ಯವಾಗಿ ಆಟಗಾರನ ಮೈಯಿಂದಲೇ. ಮಂಡಿಚಿಪ್ಪಿನ ಕೆಳಗಿನ ಸ್ನಾಯುರಜ್ಜು, ತೊಡೆಯ ಹಿಂಭಾಗದ ಹ್ಯಾಮ್‌ಸ್ಟ್ರಿಂಗ್, ಚಿಪ್ಪಿನ ಮೇಲಿನ ಕ್ವಾಡ್ರಿಸೆಪ್ಸ್ ರಜ್ಜು ಈ ಮೂರರಲ್ಲಿ ಒಂದನ್ನು ಆರಿಸುತ್ತಾರೆ. ಮೊದಲನೆಯದು ಎರಡು ತುದಿಗಳಲ್ಲೂ ಮೂಳೆಯ ತುಣುಕಿನೊಡನೆ ಬರುವುದರಿಂದ ಬೇಗ ಕೂಡಿಕೊಳ್ಳುತ್ತದೆ. ಆದರೆ ಮಂಡಿಯೂರಿದಾಗ ಬಹಳ ಕಾಲ ನೋಯಬಹುದು. ನೆಲದ ಮೇಲೆ ಕೂತೆದ್ದು ಬಾಳುವ ನಮ್ಮಂಥವರಿಗೆ ಇದು ಸಣ್ಣ ಮಾತಲ್ಲ.

ಪ್ರತಿ ಎಸಿಎಲ್ ಗಾಯಕ್ಕೂ ಶಸ್ತ್ರಚಿಕಿತ್ಸೆ ಬೇಕೇ? ಸ್ವೀಡನ್ನಿನ ‘ಕ್ಯಾನನ್’ ಅಧ್ಯಯನ 121 ಯುವಜನರನ್ನು ಎರಡು ಗುಂಪು ಮಾಡಿ ನೋಡಿತು. ಒಂದು ಗುಂಪಿಗೆ ಬೇಗ ಶಸ್ತ್ರಚಿಕಿತ್ಸೆ, ಇನ್ನೊಂದಕ್ಕೆ ಮೊದಲು ವ್ಯಾಯಾಮ, ಅಗತ್ಯ ಬಿದ್ದರೆ ಮಾತ್ರ ಶಸ್ತ್ರಚಿಕಿತ್ಸೆ. ಫಲಿತಾಂಶ 2010ರಲ್ಲಿ ಪ್ರಕಟವಾಯಿತು. ಐದು ವರ್ಷ ಕಳೆದಾಗಲೂ ಎರಡನೆಯ ಗುಂಪಿನ ಹೆಚ್ಚುಕಡಿಮೆ ಅರ್ಧ ಜನಕ್ಕೆ ಶಸ್ತ್ರಚಿಕಿತ್ಸೆ ಬೇಕಾಗಿರಲಿಲ್ಲ, ಎರಡೂ ಗುಂಪುಗಳ ಮಂಡಿಗಳಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ. ಅದರಲ್ಲಿ ವೃತ್ತಿಪರ ಆಟಗಾರರು ಇರಲಿಲ್ಲ ಎಂಬುದು ಮುಖ್ಯ. ದಿಕ್ಕು ಬದಲಿಸುತ್ತ ಆಡುವ ಉನ್ನತ ಮಟ್ಟದ ಆಟಕ್ಕೆ ಮರಳುವವರಿಗೆ ಇಂದಿಗೂ ಸಾಮಾನ್ಯವಾಗಿ ಸೂಚಿಸುವುದು ಮರುಜೋಡಣೆಯನ್ನೇ.

ಪುನಶ್ಚೇತನ

1970ರ ದಶಕದಲ್ಲಿ ಶಸ್ತ್ರಚಿಕಿತ್ಸೆಯಾದ ಕಾಲನ್ನು ವಾರಗಟ್ಟಲೆ ಪ್ಲಾಸ್ಟರಿನಲ್ಲಿ ಇಡುತ್ತಿದ್ದರು. ಹೊಸ ರಜ್ಜು ಅಲುಗಬಾರದು ಎಂಬ ಕಾಳಜಿ ಅದು. ಪ್ಲಾಸ್ಟರ್ ಬಿಚ್ಚಿದಾಗ ರಜ್ಜು ಇರುತ್ತಿತ್ತು, ತೊಡೆ ಸೊರಗಿ ಕೋಲಾಗಿರುತ್ತಿತ್ತು, ಮಂಡಿ ಬಿಗಿದುಕೊಂಡಿರುತ್ತಿತ್ತು. ಅಮೆರಿಕದ ಇಂಡಿಯಾನಾಪೊಲಿಸ್‌ನಲ್ಲಿ ಡೊನಾಲ್ಡ್ ಶೆಲ್ಬೋರ್ನ್ ಎಂಬ ಶಸ್ತ್ರವೈದ್ಯರು ತಮ್ಮ ರೋಗಿಗಳಲ್ಲಿ ಒಂದು ಸಂಗತಿ ಗಮನಿಸಿದರು. ಹೇಳಿದ ಮಾತು ಕೇಳದೆ ಬೇಗನೆ ಕಾಲು ಚಾಚಿದವರು, ಭಾರ ಹಾಕಿ ನಡೆದವರು ಮಾತು ಕೇಳಿದವರಿಗಿಂತ ಚೆನ್ನಾಗಿದ್ದರು. ಅವರ ರಜ್ಜು ಸಡಿಲವಾಗಿರಲಿಲ್ಲ. 1990ರಲ್ಲಿ ಪಾಲ್ ನಿಟ್ಜ್ ಜೊತೆ ಅವರು ಪ್ರಕಟಿಸಿದ ‘ವೇಗವರ್ಧಿತ ಪುನಶ್ಚೇತನ’ದ ಲೇಖನ ಇಡೀ ಕ್ಷೇತ್ರದ ದಿಕ್ಕು ಬದಲಿಸಿತು. ತನ್ನ ಸಲಹೆ ಮೀರಿದವರನ್ನು ಗದರಿಸದೆ, ಅವರಿಂದ ಕಲಿತ ವೈದ್ಯನ ಈ ಪ್ರಾಮಾಣಿಕತೆ ದೊಡ್ಡದು. ಇಂದಿನ ಎಲ್ಲ ಕ್ರಮಗಳ ಬೇರು ಅಲ್ಲಿದೆ.

ಪುನಶ್ಚೇತನ ಆರಂಭವಾಗುವುದು ಶಸ್ತ್ರಚಿಕಿತ್ಸೆಗೂ ಮುಂಚೆ. ಊತ ಇಳಿದು ಮಂಡಿ ಪೂರ್ತಿ ನೆಟ್ಟಗಾಗುವವರೆಗೆ ಕಾಯುತ್ತಾರೆ. ಊದಿದ, ಬಿಗಿದ ಮಂಡಿಗೆ ಕತ್ತಿ ಹಾಕಿದರೆ ಒಳಗೆ ಗಾಯದ ಅಂಗಾಂಶ ಬೆಳೆದು ಅದು ಮತ್ತೆ ಸುಲಭವಾಗಿ ಚಾಚದು.

ಶಸ್ತ್ರಚಿಕಿತ್ಸೆಯ ನಂತರದ ಮೊದಲ ಎರಡು ವಾರಗಳ ಕೆಲಸ ನೋಡುವವರಿಗೆ ಏನೂ ಅಲ್ಲ ಅನ್ನಿಸುತ್ತದೆ. ಹಿಮ್ಮಡಿಯ ಕೆಳಗೆ ಸುತ್ತಿದ ಟವೆಲ್ ಇಟ್ಟು ಮಂಡಿಯನ್ನು ಕೆಳಕ್ಕೆ ಬಿಡುವುದು. ಮಂಡಿಯ ಹಿಂಭಾಗದಿಂದ ಹಾಸಿಗೆಯನ್ನು ಒತ್ತುವುದು. ಕಾಲನ್ನು ನೆಟ್ಟಗೆ ಒಂದು ಗೇಣು ಎತ್ತುವುದು. ಗಾಯಕ್ಕೆ ಮುಂಚೆ ಗೋಲು ಹೊಡೆಯುತ್ತಿದ್ದ ಆಟಗಾರ ಬೆವರಿಳಿಸಿಕೊಂಡು ಯತ್ನಿಸಿದರೂ ಕಾಲು ಮೇಲೇಳುವುದಿಲ್ಲ. ತೊಡೆಯ ಮುಂಭಾಗದ ಕ್ವಾಡ್ರಿಸೆಪ್ಸ್ ಸ್ನಾಯುವಿಗೆ ಏನೂ ಆಗಿರುವುದಿಲ್ಲ, ಆದರೂ ಅದು ಮಾತು ಕೇಳುವುದಿಲ್ಲ. ಮಂಡಿಯೊಳಗೆ ದ್ರವ ತುಂಬಿದಾಗ ನರವ್ಯೂಹ ಆ ಸ್ನಾಯುವಿಗೆ ಹೋಗುವ ಆಜ್ಞೆಯನ್ನೇ ತಗ್ಗಿಸುತ್ತದೆ. ಆರೋಗ್ಯವಾಗಿದ್ದ ಮಂಡಿಗೆ ಉಪ್ಪುನೀರು ತುಂಬಿಸಿ ನೋಡಿದ ಪ್ರಯೋಗಗಳಲ್ಲೂ ಹೀಗೇ ಆಗಿದೆ. ಎಷ್ಟು ದೊಡ್ಡ ಆಟಗಾರನಾದರೂ ಇಲ್ಲಿ ಛಲವೊಂದೇ ಸಾಲದು. ಊತ ಇಳಿಸಬೇಕು, ವಿದ್ಯುತ್ ಪ್ರಚೋದನೆಯಿಂದ ಸ್ನಾಯುವನ್ನು ಎಬ್ಬಿಸಬೇಕು, ದಿನಕ್ಕೆ ಹಲವು ಸಲ ಅದನ್ನು ಬಿಗಿಹಿಡಿಯಬೇಕು. ಕಾಲು ನೆಟ್ಟಗಾಗಲು ನಾಲ್ಕೈದು ಡಿಗ್ರಿ ಬಾಕಿ ಉಳಿದರೂ ಕುಂಟು ಹೋಗುವುದಿಲ್ಲ. ಅದಕ್ಕೇ ಫಿಸಿಯೋಥೆರಪಿಸ್ಟ್‌ಗಳು ಮಡಚುವುದಕ್ಕಿಂತ ಚಾಚುವುದರ ಬಗ್ಗೆ ಹಟ ಹಿಡಿಯುತ್ತಾರೆ.

ಊರುಗೋಲು ಬಿಟ್ಟ ಮೇಲೆ ನಿಂತಲ್ಲೇ ತುಳಿಯುವ ಸೈಕಲ್, ಅರ್ಧ ಬಸ್ಕಿ, ಮೆಟ್ಟಿಲು ಏರಿಳಿತ, ಲೆಗ್ ಪ್ರೆಸ್, ಒಂಟಿಕಾಲಿನ ಸಮತೋಲನ ಒಂದೊಂದಾಗಿ ಸೇರಿಕೊಳ್ಳುತ್ತವೆ. ಹರಿದ ರಜ್ಜು ಕೊಡುತ್ತಿದ್ದ ಸುದ್ದಿಯನ್ನು ಈಗ ಸ್ನಾಯು, ಚರ್ಮ, ಕಣ್ಣುಗಳಿಂದ ಪಡೆಯಲು ಮಿದುಳು ಕಲಿಯಬೇಕು. ಮೆತ್ತನೆಯ ದಿಂಬಿನ ಮೇಲೆ ಒಂದೇ ಕಾಲಲ್ಲಿ ನಿಂತು ಚೆಂಡು ಹಿಡಿಯುವುದು ಈ ಪಾಠದ ಭಾಗ. ಇವತ್ತು ಮಾಡಿದ ವ್ಯಾಯಾಮ ಹೆಚ್ಚಾಯಿತೇ ಎಂಬುದಕ್ಕೆ ಉತ್ತರ ನಾಳೆ ಬೆಳಗಿನ ಮಂಡಿ. ಅದು ಊದಿದ್ದರೆ ಒಂದು ಹೆಜ್ಜೆ ಹಿಂದೆ, ಊದಿರದಿದ್ದರೆ ಒಂದು ಹೆಜ್ಜೆ ಮುಂದೆ. ಬೆರಳಿನಿಂದ ಮಂಡಿಯ ಬದಿಯನ್ನು ಸವರಿ ದ್ರವ ಸರಿಯುವುದನ್ನು ನೋಡುವ ಈ ತಪಾಸಣೆಗೆ ಯಾವ ಯಂತ್ರವೂ ಬೇಡ.

ಇಲ್ಲೊಂದು ಬಲೆ ಇದೆ. ಕೂರಿಸಿದ ಗ್ರಾಫ್ಟ್ ಮೊದಲು ಸಾಯುತ್ತದೆ, ಆಮೇಲೆ ಹೊಸ ರಕ್ತನಾಳಗಳು ಬೆಳೆದು ಜೀವ ಪಡೆಯುತ್ತದೆ, ನಿಧಾನವಾಗಿ ಅಸ್ಥಿರಜ್ಜುವಿನ ಗುಣ ತಾಳುತ್ತದೆ. ಅದು ಅತಿ ದುರ್ಬಲವಾಗಿರುವುದು ಎರಡು ಮೂರು ತಿಂಗಳ ಆಸುಪಾಸಿನಲ್ಲಿ. ನೋವು ಪೂರ್ತಿ ಹೋಗಿ ಆಟಗಾರನಿಗೆ ‘ನಾನೀಗ ಸರಿಯಾದೆ’ ಅನ್ನಿಸುವುದೂ ಸರಿಯಾಗಿ ಅದೇ ಹೊತ್ತಿಗೆ. ಗೆಳೆಯರ ಜೊತೆ ಐದು ನಿಮಿಷ ಆಡಲು ಹೋಗಿ ಎಲ್ಲ ಕಳೆದುಕೊಂಡವರು ಈ ಅವಧಿಯವರೇ.

ಮೂರು ನಾಲ್ಕು ತಿಂಗಳಿಗೆ ನೇರ ಓಟ, ಐದಾರು ತಿಂಗಳಿಗೆ ಜಿಗಿತ, ಆಮೇಲೆ ದಿಕ್ಕು ಬದಲಿಸುವ ಓಟ, ಕೊನೆಗೆ ಎದುರಾಳಿಯೊಡನೆ ಆಟ ಎಂಬುದು ಸ್ಥೂಲ ಕ್ರಮ. ಜಿಗಿತದ ಹಂತದಲ್ಲಿ ಎಷ್ಟು ಎತ್ತರಕ್ಕೆ ಹಾರಿದ ಎಂಬುದಕ್ಕಿಂತ ಹೇಗೆ ಇಳಿದ ಎಂಬುದನ್ನು ನೋಡುತ್ತಾರೆ. ಸದ್ದಾಗದಂತೆ, ಮಂಡಿ ಪಾದದ ನೇರಕ್ಕೆ ಬಾಗುವಂತೆ ಇಳಿಯಬೇಕು. ಕೊನೆಯ ಹಂತ ಆಟದಿಂದ ಆಟಕ್ಕೆ ಬೇರೆ. ವಿಕೆಟ್ ಕೀಪರ್ ದಿನವಿಡೀ ಕುಕ್ಕುರುಗಾಲಲ್ಲಿ ಕೂತೇಳಬೇಕು, ಕುಸ್ತಿಪಟು ಮಂಡಿಯನ್ನೇ ಮ್ಯಾಟಿಗೆ ಊರಿ ನುಗ್ಗಬೇಕು, ರೈಡರ್ ಹಿಡಿದ ಕಾಲನ್ನು ಎಳೆದುಕೊಂಡು ಗೆರೆ ಮುಟ್ಟಬೇಕು.

ಮರಳಲು ಅರ್ಹತೆ

ಯಾವಾಗ ಮರಳಬಹುದು ಎಂಬ ಪ್ರಶ್ನೆಗೆ ಹಿಂದೆ ಕ್ಯಾಲೆಂಡರ್ ಉತ್ತರ ಹೇಳುತ್ತಿತ್ತು: ಆರು ತಿಂಗಳು. ಈಗ ಸಮಯವೂ ಬೇಕು, ಪರೀಕ್ಷೆಯೂ ಬೇಕು. ಗಾಯಗೊಂಡ ಕಾಲಿನ ಬಲ ಇನ್ನೊಂದು ಕಾಲಿನ ಶೇ 90ರಷ್ಟಾದರೂ ಇರಬೇಕು, ಒಂಟಿಕಾಲ ಜಿಗಿತಗಳಲ್ಲೂ ಅಷ್ಟೇ ಅಂತರ ಕ್ರಮಿಸಬೇಕು. ಅಮೆರಿಕದ ಡೆಲವೇರ್ ಮತ್ತು ನಾರ್ವೆಯ ಓಸ್ಲೋ ಸಂಶೋಧಕರು 106 ಮಂದಿಯನ್ನು ಎರಡು ವರ್ಷ ಹಿಂಬಾಲಿಸಿ 2016ರಲ್ಲಿ ಪ್ರಕಟಿಸಿದ ಅಧ್ಯಯನ ಈ ಬದಲಾವಣೆಗೆ ಗಟ್ಟಿ ಆಧಾರ ಕೊಟ್ಟಿತು. ಒಂಬತ್ತು ತಿಂಗಳವರೆಗೆ ಮರಳುವುದನ್ನು ಒಂದೊಂದು ತಿಂಗಳು ಮುಂದೂಡಿದಂತೆಲ್ಲ ಮರುಗಾಯದ ಪ್ರಮಾಣ ಸುಮಾರು ಅರ್ಧಕ್ಕೆ ಇಳಿಯಿತು. ಪರೀಕ್ಷೆ ಪಾಸಾಗದೆ ಮರಳಿದವರಲ್ಲಿ ಶೇ 38ರಷ್ಟು ಮಂದಿ ಮತ್ತೆ ಗಾಯಗೊಂಡರು, ಪಾಸಾದವರಲ್ಲಿ ಶೇ 6ಕ್ಕಿಂತ ಕಡಿಮೆ.

ಒಂದು ಕಾಲನ್ನು ಇನ್ನೊಂದಕ್ಕೆ ಹೋಲಿಸುವ ಈ ಕ್ರಮದಲ್ಲೂ ಒಂದು ದೋಷವಿದೆ. ತಿಂಗಳುಗಟ್ಟಲೆ ಆಡದೆ ಕೂತಾಗ ಒಳ್ಳೆಯ ಕಾಲೂ ಸೊರಗುತ್ತದೆ. ಸೊರಗಿದ ಕಾಲಿಗೆ ಸರಿಗಟ್ಟಿದ್ದನ್ನು ಗೆಲುವೆಂದು ಎಣಿಸುವಂತಿಲ್ಲ. ಹಾಗಾಗಿ ಗಾಯದ ಮುಂಚಿನ ಅಳತೆಗಳು ಇದ್ದರೆ ಅವಕ್ಕೆ ಬೆಲೆ ಹೆಚ್ಚು. ಪ್ರತಿ ಕ್ರೀಡಾ ವಸತಿಶಾಲೆಯೂ ವರ್ಷದ ಆರಂಭದಲ್ಲಿ ಮಕ್ಕಳ ಕಾಲಿನ ಬಲವನ್ನು ಅಳೆದು ಬರೆದಿಟ್ಟುಕೊಂಡರೆ ಮುಂದೆ ಬಹಳ ಉಪಕಾರವಾಗುತ್ತದೆ.

ಎಷ್ಟು ಮಂದಿ ಮರಳುತ್ತಾರೆ? 2014ರಲ್ಲಿ ಕ್ಲೇರ್ ಆರ್ಡರ್ನ್ ಮತ್ತು ಸಂಗಡಿಗರು 69 ಅಧ್ಯಯನಗಳ ಏಳು ಸಾವಿರಕ್ಕೂ ಹೆಚ್ಚು ಜನರ ವಿವರ ಒಟ್ಟುಗೂಡಿಸಿದರು. ಶೇ 81ರಷ್ಟು ಮಂದಿ ಯಾವುದೋ ಒಂದು ಆಟಕ್ಕೆ ಮರಳಿದ್ದರು, ಶೇ 65ರಷ್ಟು ಮಂದಿ ಹಿಂದಿನ ಮಟ್ಟಕ್ಕೆ, ಸ್ಪರ್ಧೆಯ ಆಟಕ್ಕೆ ಮರಳಿದವರು ಶೇ 55 ಮಾತ್ರ. ಮಂಡಿಯ ಅಳತೆಗಳು ಸರಿಯಾಗಿದ್ದೂ ಬಾರದವರು ಇವರಲ್ಲಿ ಬಹಳ. ಅವರನ್ನು ಹಿಡಿದು ನಿಲ್ಲಿಸಿದ್ದು ಮತ್ತೆ ಹರಿದೀತು ಎಂಬ ಭಯ. ಈ ಭಯವನ್ನು ಅಳೆಯಲೆಂದೇ 2008ರಲ್ಲಿ ಆಸ್ಟ್ರೇಲಿಯಾದಲ್ಲಿ 12 ಪ್ರಶ್ನೆಗಳ ಒಂದು ಪಟ್ಟಿ ಸಿದ್ಧವಾಯಿತು.

ಅಮೆರಿಕದ ಇಬ್ಬರು ಆಟಗಾರರನ್ನು ಜೊತೆಗಿಟ್ಟು ನೋಡುವುದು ಇಲ್ಲಿ ಉಪಯುಕ್ತ. ಅಮೆರಿಕನ್ ಫುಟ್‌ಬಾಲಿನ ಏಡ್ರಿಯನ್ ಪೀಟರ್‌ಸನ್ 24 ಡಿಸೆಂಬರ್ 2011ರಂದು ಎಡಮಂಡಿಯ ಎಸಿಎಲ್, ಎಂಸಿಎಲ್ ಎರಡನ್ನೂ ಹರಿದುಕೊಂಡರು. ಒಂಬತ್ತು ತಿಂಗಳು ತುಂಬುವ ಮೊದಲೇ ಹೊಸ ಋತುವಿನ ಮೊದಲ ಪಂದ್ಯ ಆಡಿದರು. ಆ ಋತುವಿನಲ್ಲಿ 2,097 ಗಜ ಓಡಿ, ಸಾರ್ವಕಾಲಿಕ ದಾಖಲೆ ಮುರಿಯಲು 9 ಗಜ ಬಾಕಿ ಉಳಿಸಿ, ಲೀಗಿನ ಶ್ರೇಷ್ಠ ಆಟಗಾರ ಎನಿಸಿಕೊಂಡರು. ಬ್ಯಾಸ್ಕೆಟ್‌ಬಾಲಿನ ಡೆರಿಕ್ ರೋಸ್ ಅದೇ ಎಡಮಂಡಿಯ ಎಸಿಎಲ್ ಹರಿದುಕೊಂಡದ್ದು 28 ಏಪ್ರಿಲ್ 2012ರಂದು. ಮುಂದಿನ ಋತು ಪೂರ್ತಿ ಅವರು ಆಡಲಿಲ್ಲ. ಆಡಲು ಅಡ್ಡಿಯಿಲ್ಲ ಎಂದು ವೈದ್ಯರು ಹೇಳಿದ ಮೇಲೂ ಕಾದರು, ಅದಕ್ಕಾಗಿ ಬಹಳ ಟೀಕೆ ಕೇಳಿಸಿಕೊಂಡರು. ನವೆಂಬರ್ 2013ರಲ್ಲಿ ಇನ್ನೊಂದು ಮಂಡಿಯ ಮೆನಿಸ್ಕಸ್ ಹರಿಯಿತು. ಪೀಟರ್‌ಸನ್ ಉದಾಹರಣೆಯನ್ನು ಮುಂದೊಡ್ಡಿ ರೋಸ್ ಅವರನ್ನು ಹಳಿದದ್ದು ಅನ್ಯಾಯ. ಮರಳಲು ಸಿದ್ಧನಿಲ್ಲ ಎಂದು ಆಟಗಾರನೇ ಹೇಳುವುದೂ ಒಂದು ವೈದ್ಯಕೀಯ ಮಾಹಿತಿ. ಇಂದಿನ ಪುನಶ್ಚೇತನ ಕ್ರಮ ಅದನ್ನು ಹಾಗೆಯೇ ಸ್ವೀಕರಿಸುತ್ತದೆ.

ಮರಳಿದ ಕೆಲವರು

ಬ್ರೆಜಿಲ್ಲಿನ ಫುಟ್‌ಬಾಲ್ ಆಟಗಾರ ರೊನಾಲ್ಡೊ ಅವರದ್ದು ಎಸಿಎಲ್ ಅಲ್ಲ, ಮಂಡಿಚಿಪ್ಪಿನ ಸ್ನಾಯುರಜ್ಜಿನ ಗಾಯ. ಆದರೂ ಮಂಡಿಯ ಯಾವ ಚರಿತ್ರೆಯೂ ಅವರನ್ನು ಬಿಟ್ಟು ಮುಗಿಯದು. ನವೆಂಬರ್ 1999ರಲ್ಲಿ ಇಂಟರ್ ಮಿಲಾನ್ ಪರ ಆಡುವಾಗ ರಜ್ಜು ಭಾಗಶಃ ಹರಿಯಿತು. ಶಸ್ತ್ರಚಿಕಿತ್ಸೆಯಾಗಿ 12 ಏಪ್ರಿಲ್ 2000ರಂದು ಲಾಜಿಯೊ ವಿರುದ್ಧ ಮೈದಾನಕ್ಕಿಳಿದರು. ಕೆಲವೇ ನಿಮಿಷಗಳಲ್ಲಿ, ಯಾರೂ ಮುಟ್ಟದೆ, ಚೆಂಡಿನ ಮೇಲೆ ಕಾಲಾಡಿಸುತ್ತಿದ್ದಾಗ ರಜ್ಜು ಪೂರ್ತಿ ಹರಿದು ಕುಸಿದರು. ಎರಡನೆಯ ಸಲ ಅವಸರ ಮಾಡಲಿಲ್ಲ. 2002ರ ವಿಶ್ವಕಪ್‌ನಲ್ಲಿ ಎಂಟು ಗೋಲು ಹೊಡೆದರು, ಯೊಕೊಹಾಮಾದ ಫೈನಲ್‌ನಲ್ಲಿ ಜರ್ಮನಿಯ ವಿರುದ್ಧದ ಎರಡೂ ಗೋಲು ಅವರವೇ.

ಕುಸ್ತಿಪಟು ವಿನೇಶ್ ಫೋಗಟ್ ಎರಡು ಮಂಡಿಗಳಿಗೂ ಈ ದಾರಿ ತುಳಿದವರು. 2016ರ ರಿಯೊ ಒಲಿಂಪಿಕ್ಸ್‌ನ ಕ್ವಾರ್ಟರ್‌ಫೈನಲ್‌ನಲ್ಲಿ ಚೀನಾದ ಸುನ್ ಯಾನನ್ ಎದುರು ಆಡುವಾಗ ಬಲಮಂಡಿ ತಿರುಚಿತು, ಸ್ಟ್ರೆಚರ್ ಮೇಲೆ ಅಳುತ್ತ ಹೊರಹೋದರು. ಎರಡು ವರ್ಷದ ಬಳಿಕ ಜಕಾರ್ತ ಏಷ್ಯನ್ ಗೇಮ್ಸ್‌ನ ಮೊದಲ ಸುತ್ತಿನಲ್ಲೇ ಎದುರು ಬಂದದ್ದು ಅದೇ ಸುನ್ ಯಾನನ್. ವಿನೇಶ್ 8–2ರಿಂದ ಗೆದ್ದರು, ಮುಂದೆ ಏಷ್ಯನ್ ಗೇಮ್ಸ್ ಚಿನ್ನ ಗೆದ್ದ ಭಾರತದ ಮೊದಲ ಮಹಿಳಾ ಕುಸ್ತಿಪಟುವಾದರು. ಆಗಸ್ಟ್ 2023ರಲ್ಲಿ ಅಭ್ಯಾಸದ ವೇಳೆ ಎಡಮಂಡಿಯ ಎಸಿಎಲ್ ಹರಿಯಿತು. ಮುಂಬೈಯಲ್ಲಿ ಶಸ್ತ್ರಚಿಕಿತ್ಸೆಯಾಗಿ ವರ್ಷ ತುಂಬುವ ಮೊದಲೇ, 6 ಆಗಸ್ಟ್ 2024ರಂದು ಪ್ಯಾರಿಸ್‌ನಲ್ಲಿ ಅವರು ಜಪಾನಿನ ಯುಯಿ ಸುಸಾಕಿಯನ್ನು ಸೋಲಿಸಿದರು. ಅಂತರರಾಷ್ಟ್ರೀಯ ಕಣದಲ್ಲಿ ಸುಸಾಕಿ ಅದುವರೆಗೆ ಸೋತೇ ಇರಲಿಲ್ಲ. ಅದೇ ದಿನ ವಿನೇಶ್ ಫೈನಲ್ ತಲುಪಿದರು. ಮರುದಿನ ಬೆಳಿಗ್ಗೆ 100 ಗ್ರಾಂ ಹೆಚ್ಚು ತೂಕಕ್ಕೆ ಅನರ್ಹರಾದದ್ದು ಎಲ್ಲರಿಗೂ ಗೊತ್ತು. ಆ ದುಃಖದಲ್ಲಿ ಮಂಡಿಯ ಸಾಧನೆಯನ್ನು ಮರೆತದ್ದೇ ಹೆಚ್ಚು.

ಕ್ರಿಕೆಟಿಗ ರಿಷಭ್ ಪಂತ್ ಅವರ ಗಾಯ ಆಟದ್ದಲ್ಲ. 30 ಡಿಸೆಂಬರ್ 2022ರ ಬೆಳಗಿನ ಜಾವ ರೂರ್ಕಿ ಹತ್ತಿರ ಅವರ ಕಾರು ರಸ್ತೆ ವಿಭಜಕಕ್ಕೆ ಬಡಿಯಿತು. ಬಲಮಂಡಿ ಕೀಲು ತಪ್ಪಿ ಹಲವು ರಜ್ಜುಗಳು ಒಟ್ಟಿಗೆ ಹರಿದವು. ಜನವರಿಯಲ್ಲಿ ಮುಂಬೈಯಲ್ಲಿ ಡಾ. ದಿನ್‌ಶಾ ಪಾರ್ಡಿವಾಲಾ ಶಸ್ತ್ರಚಿಕಿತ್ಸೆ ಮಾಡಿದರು. ಫೆಬ್ರುವರಿಯಲ್ಲಿ ಪಂತ್ ಊರುಗೋಲಿನಲ್ಲಿ ಹೆಜ್ಜೆ ಹಾಕಿದರು. ಮೇ ತಿಂಗಳಲ್ಲಿ ಊರುಗೋಲು ಎಸೆದರು. ಜೂನ್‌ನಲ್ಲಿ ಆಸರೆಯಿಲ್ಲದೆ ಮೆಟ್ಟಿಲು ಹತ್ತಿದರು. ಇವೆಲ್ಲವನ್ನೂ ಅವರೇ ಜನರ ಮುಂದಿಟ್ಟರು. ಭಾರತದಲ್ಲಿ ಇಷ್ಟು ಜನ ಒಬ್ಬ ಆಟಗಾರನ ಪುನಶ್ಚೇತನವನ್ನು ತಿಂಗಳು ತಿಂಗಳೂ ನೋಡಿದ್ದು ಬಹುಶಃ ಅದೇ ಮೊದಲು. ಮಾರ್ಚ್ 2024ರಲ್ಲಿ, ಹದಿನಾಲ್ಕು ತಿಂಗಳ ನಂತರ, ಕ್ರಿಕೆಟ್ ಮಂಡಳಿ ಅವರನ್ನು ಕೀಪಿಂಗ್‌ಗೂ ಅರ್ಹ ಎಂದು ಘೋಷಿಸಿತು. ಆ ಐಪಿಎಲ್‌ನಲ್ಲಿ 446 ರನ್, ಜೂನ್‌ನಲ್ಲಿ ಟಿ20 ವಿಶ್ವಕಪ್ ಗೆದ್ದ ತಂಡದಲ್ಲಿ ಸ್ಥಾನ, ಸೆಪ್ಟೆಂಬರ್‌ನಲ್ಲಿ ಚೆನ್ನೈಯ ಟೆಸ್ಟ್‌ನಲ್ಲಿ ಬಾಂಗ್ಲಾದೇಶದ ವಿರುದ್ಧ 109. ಅಕ್ಟೋಬರ್‌ನಲ್ಲಿ ನ್ಯೂಜಿಲೆಂಡ್ ವಿರುದ್ಧದ ಬೆಂಗಳೂರು ಟೆಸ್ಟ್‌ನಲ್ಲಿ ರವೀಂದ್ರ ಜಡೇಜಾ ಎಸೆದ ಚೆಂಡು ನೇರ ಬಂದು ಬಡಿದದ್ದು ಅದೇ ಮಂಡಿಗೆ. ಊತ ಬಂತು, ಕೀಪಿಂಗ್ ಬಿಟ್ಟರು. ಒಂದು ದಿನ ಬಿಟ್ಟು ಅದೇ ಕಾಲಿನಲ್ಲಿ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಕ್ರೀಸಿಗೆ ಬಂದು 99 ಹೊಡೆದರು.

ದೂರದ ಪರಿಣಾಮ, ಮುನ್ನೆಚ್ಚರಿಕೆ

ರಜ್ಜು ಕೂಡಿಕೊಂಡರೂ ಗಾಯದ ಗಳಿಗೆಯಲ್ಲಿ ಮೃದ್ವಸ್ಥಿಗೆ ಬಿದ್ದ ಪೆಟ್ಟು ಅಳಿಯುವುದಿಲ್ಲ. ಎಸಿಎಲ್ ಅಥವಾ ಮೆನಿಸ್ಕಸ್ ಹರಿದವರಲ್ಲಿ ಹತ್ತರಿಂದ ಇಪ್ಪತ್ತು ವರ್ಷಗಳಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಮಂಡಿಸವೆತ ಬರುತ್ತದೆ. ಇಪ್ಪತ್ತೈದರೊಳಗಿನವರು ಮತ್ತೆ ಆಟಕ್ಕಿಳಿದರೆ ಹೆಚ್ಚುಕಡಿಮೆ ನಾಲ್ವರಲ್ಲಿ ಒಬ್ಬರಿಗೆ ಇದೇ ಮಂಡಿಯ ಅಥವಾ ಇನ್ನೊಂದರ ಎಸಿಎಲ್ ಮತ್ತೆ ಹರಿಯುತ್ತದೆ ಎಂದು 2016ರ ಒಂದು ಸಮೀಕ್ಷೆ ಲೆಕ್ಕ ಹಾಕಿದೆ. ಹೀಗಾಗಿ ತಡೆಯುವುದೇ ಲೇಸು. ಫಿಫಾ 2006ರಲ್ಲಿ ಬಿಡುಗಡೆ ಮಾಡಿದ ‘11+’ ಎಂಬ ಇಪ್ಪತ್ತು ನಿಮಿಷಗಳ ಮೈಕಾಯಿಸುವ ಕ್ರಮದಲ್ಲಿ ಓಟ, ಬಲ, ಸಮತೋಲನ, ಸರಿಯಾಗಿ ಇಳಿಯುವ ಅಭ್ಯಾಸ ಸೇರಿವೆ. ಇದನ್ನು ವಾರಕ್ಕೆ ಎರಡು ಮೂರು ಸಲ ತಪ್ಪದೆ ಮಾಡುವ ತಂಡಗಳಲ್ಲಿ ಗಾಯಗಳು ಮೂರನೇ ಒಂದು ಭಾಗ, ಕೆಲವೆಡೆ ಅರ್ಧದಷ್ಟು ತಗ್ಗಿವೆ. ಯಾವ ಉಪಕರಣವೂ ಬೇಡದ ಈ ಕ್ರಮ ನಮ್ಮ ಶಾಲಾ ಮೈದಾನಗಳಲ್ಲಿ ಇನ್ನೂ ಅಪರೂಪ.

ಕರ್ನಾಟಕದಲ್ಲಿ

ಭಾರತದ ಕ್ರೀಡಾ ಪುನಶ್ಚೇತನದ ಮುಖ್ಯ ಕೇಂದ್ರಗಳಲ್ಲಿ ಕೆಲವು ಕರ್ನಾಟಕದಲ್ಲಿವೆ. 2000ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ರಾಷ್ಟ್ರೀಯ ಕ್ರಿಕೆಟ್ ಅಕಾಡೆಮಿ ಮೊದಲು ಆಟ ಕಲಿಸುವ ಸಂಸ್ಥೆಯಾಗಿತ್ತು. ಕ್ರಮೇಣ ಗಾಯಾಳುಗಳು ಬಂದು ತಿಂಗಳುಗಟ್ಟಲೆ ಉಳಿಯುವ ಜಾಗವೂ ಆಯಿತು. 2023ರ ಮಧ್ಯದಲ್ಲಿ ಪಂತ್, ಬೂಮ್ರಾ, ಶ್ರೇಯಸ್ ಅಯ್ಯರ್ ಜೊತೆಗೆ ತೊಡೆಯ ಶಸ್ತ್ರಚಿಕಿತ್ಸೆಯಾಗಿದ್ದ ಕನ್ನಡಿಗ ಕೆ.ಎಲ್. ರಾಹುಲ್ ಕೂಡ ಅಲ್ಲಿದ್ದರು. ಸೆಪ್ಟೆಂಬರ್ 2022ರಲ್ಲಿ ಬಲಮಂಡಿಗೆ ಶಸ್ತ್ರಚಿಕಿತ್ಸೆಯಾದ ರವೀಂದ್ರ ಜಡೇಜಾ ಇಲ್ಲಿಂದಲೇ ಹೊರಟು, ಮೊದಲು ರಣಜಿ ಪಂದ್ಯವೊಂದರಲ್ಲಿ ಮಂಡಿಯನ್ನು ಪರೀಕ್ಷಿಸಿಕೊಂಡು, ಫೆಬ್ರುವರಿ 2023ರ ನಾಗ್ಪುರ ಟೆಸ್ಟ್‌ನಲ್ಲಿ ಆಸ್ಟ್ರೇಲಿಯಾದ ಐದು ವಿಕೆಟ್ ಕಿತ್ತು 70 ರನ್ ಹೊಡೆದರು. 2024ರಿಂದ ಅಕಾಡೆಮಿ ವಿಮಾನ ನಿಲ್ದಾಣದ ಕಡೆಯ ಹೊಸ ಆವರಣದಲ್ಲಿದೆ. ಬಳ್ಳಾರಿ ಜಿಲ್ಲೆಯ ವಿಜಯನಗರದಲ್ಲಿ 2018ರಲ್ಲಿ ಆರಂಭವಾದ ಇನ್‌ಸ್ಪೈರ್ ಇನ್‌ಸ್ಟಿಟ್ಯೂಟ್ ಆಫ್ ಸ್ಪೋರ್ಟ್ ಕುಸ್ತಿ, ಬಾಕ್ಸಿಂಗ್, ಜೂಡೊ, ಅಥ್ಲೆಟಿಕ್ಸ್ ಆಟಗಾರರಿಗೆ ಕ್ರೀಡಾವಿಜ್ಞಾನದ ನೆರವು ಕೊಡುತ್ತಿದೆ.

ಈ ಗೋಡೆಗಳ ಹೊರಗಿನ ಚಿತ್ರ ಬೇರೆ. ಊರ ಹಬ್ಬದ ಕಬಡ್ಡಿ ಪಂದ್ಯಾವಳಿಯಲ್ಲಿ, ತಾಲ್ಲೂಕು ಮಟ್ಟದ ಕೊಕ್ಕೊ ಪಂದ್ಯದಲ್ಲಿ ಮಂಡಿ ಹರಿದುಕೊಳ್ಳುವ ಹುಡುಗ ಹುಡುಗಿಯರಿಗೆ ಮೊದಲು ಸಿಗುವುದು ಎಣ್ಣೆ ನೀವಿ ಪಟ್ಟಿ ಕಟ್ಟುವವರು. ಎಂಆರ್‌ಐಗೆ ಜಿಲ್ಲಾ ಕೇಂದ್ರಕ್ಕೆ ಹೋಗಬೇಕು. ಶಸ್ತ್ರಚಿಕಿತ್ಸೆಗೆ ಸಾಲ ಮಾಡಿ ಹಣ ಹೊಂದಿಸಿದ ಮನೆಯವರಿಗೆ, ಆಮೇಲಿನ ಒಂಬತ್ತು ತಿಂಗಳಿಗೂ ಖರ್ಚಿದೆ ಎಂದು ಯಾರೂ ಹೇಳಿರುವುದಿಲ್ಲ. ನಾಲ್ಕು ಸಲ ಫಿಸಿಯೋಥೆರಪಿಗೆ ಹೋಗಿ ಬಿಟ್ಟುಬಿಡುತ್ತಾರೆ. ಒಂದು ತೊಡೆ ಸಣ್ಣದಾಗಿಯೇ ಉಳಿಯುತ್ತದೆ.

ಮೊದಲ ಮೂರು ತಿಂಗಳ ವ್ಯಾಯಾಮಗಳಲ್ಲಿ ಬಹುಪಾಲಿಗೆ ಬೇಕಾದದ್ದು ಒಂದು ಟವೆಲ್, ಒಂದು ಕುರ್ಚಿ, ಒಂದು ಗೋಡೆ, ಹತ್ತಿ ಇಳಿಯಲು ಮನೆಯ ಮೆಟ್ಟಿಲು, ಮತ್ತು ಹದಿನೈದು ದಿನಕ್ಕೊಮ್ಮೆ ಮಂಡಿಯನ್ನು ಮುಟ್ಟಿ ನೋಡಿ ಮುಂದಿನ ಹಂತ ಹೇಳುವ ಒಬ್ಬ ಫಿಸಿಯೋ. ತಾಲ್ಲೂಕು ಆಸ್ಪತ್ರೆಯಲ್ಲಿ ಅಂಥವರೊಬ್ಬರು ಇದ್ದು, ಶಾಲೆಯ ದೈಹಿಕ ಶಿಕ್ಷಕರಿಗೆ ಕ್ರಮ ಗೊತ್ತಿದ್ದರೆ ಹಳ್ಳಿಯ ರೈಡರ್ ಕೂಡ ಈ ದಾರಿಯ ಬಹುಭಾಗ ನಡೆಯಬಲ್ಲ. ಕೊನೆಗೆ ಮಾಡಿಸುವ ಒಂಟಿಕಾಲ ಜಿಗಿತದ ಪರೀಕ್ಷೆಗೆ ಬೇಕಾಗುವುದು ಅಳೆಯುವ ಟೇಪು ಮತ್ತು ಗೆರೆ ಎಳೆಯಲು ಸೀಮೆಸುಣ್ಣ.